ತಂದೆಯ ಹೆಸರಿಲ್ಲದ ಶಾಸನ

ಹತ್ತನೇ ಕ್ಲಾಸಿನಲ್ಲಿದ್ದಾಗಿನ ಮಾತು. ಪರೀಕ್ಷೆಯ ಅರ್ಜಿ ತುಂಬಿಸೋಕೆ ಸರ್ ಒಬ್ಬೊಬ್ಬರನ್ನೇ ಟೇಬಲ್ ಹತ್ತಿರ ಕರೀತಿದ್ರು. ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಸರದಿ ಬಂತು. ‘ಅಪ್ಪನ ಹೆಸರೇನವಾ?’ ಅಂದರು. ಆಕೆ ಸುಮ್ಮನೆ ನಿಂತಳು. ಹಿಂದಿನ ಬೆಂಚಿನಿಂದ ಯಾರೋ ಒಂದು ಶಬ್ದ ತೂರಿದರು. ಅರ್ಧ ಕ್ಲಾಸು ನಕ್ಕಿತು. ನಾನು ನಗಲಿಲ್ಲ, ನಿಜ. ಆದರೆ ಎದ್ದು ನಿಂತು ಏನೂ ಹೇಳಲೂ ಇಲ್ಲ.

ಆ ಶಬ್ದ ‘ಸೂಳೆ’. ಕನ್ನಡದಲ್ಲಿ ಹೆಣ್ಣಿಗೆ ಬೈಯಬೇಕು ಅಂದ್ರೆ ಇವತ್ತಿಗೂ ಮೊದಲು ಬಾಯಿಗೆ ಬರೋದು ಅದೇ. ಗೆಳತಿಯ ಅವ್ವಗೆ ಸಣ್ಣಾಕಿ ಇದ್ದಾಗಲೇ ಮುತ್ತು ಕಟ್ಟಿದ್ದರು, ಅಂದರೆ ದೇವರಿಗೆ ಬಿಟ್ಟಿದ್ದರು. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ ಕಡೆ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿರುತ್ತೆ, ಯಾರೂ ಬಾಯಿ ಬಿಡೋದಿಲ್ಲ.

ನಾನು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದೆ. ಆ ಶಬ್ದಕ್ಕೆ ಒಂದು ಇತಿಹಾಸ ಇದೆ ಅಂತ ಗೊತ್ತಾಗೋಕೆ ಸುಮಾರು ಹದಿನೈದು ವರ್ಷ ಬೇಕಾಯಿತು. ಅದು ಗೊತ್ತಾಗಿದ್ದು ಕೂಡ ಒಬ್ಬ ಇತಿಹಾಸಕಾರ್ತಿಯ ದೆಸೆಯಿಂದ.

ಇಟಗಿಯಿಂದ ಶುರುವಾದ ಹುಡುಕಾಟ

ವರ್ಕ್ ಫ್ರಂ ಹೋಮ್ ದಿನಗಳಲ್ಲಿ ಊರಿಗೆ ಬಂದಿದ್ದೆ. ಒಂದು ಭಾನುವಾರ ತಮ್ಮನ ಬೈಕ್ ಹತ್ತಿ ಇಟಗಿಗೆ ಹೋದೆ. ಮೊದಲು ನಮ್ಮ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಊರು, ಈಗ ಕುಕನೂರು ತಾಲ್ಲೂಕು. ಅಲ್ಲಿನ ಮಹಾದೇವ ದೇವಾಲಯವನ್ನು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಮಂಟಪದ ಕಂಬಗಳ ನುಣುಪು ನೋಡಿದರೆ ಕೈಯಾಡಿಸದೆ ಇರೋಕೆ ಆಗೋದಿಲ್ಲ.

ಗುಡಿಯ ಕಾವಲಿಗಿದ್ದ ಅಜ್ಜ ‘ಇಲ್ಲೇ ಪಾತ್ರದವ್ರು ಕುಣೀತಿದ್ರಂತ ನೋಡ್ರಿ’ ಅಂತ ಮಂಟಪದ ನಡುವಿನ ಕಲ್ಲು ತೋರಿಸಿದ. ಯಾರು ಅವರು? ಎಲ್ಲಿಂದ ಬಂದವರು? ಅಜ್ಜನಿಗೆ ಅಷ್ಟೇ ಗೊತ್ತಿತ್ತು. ನನಗೆ ಅಷ್ಟೂ ಗೊತ್ತಿರಲಿಲ್ಲ.

ರಾತ್ರಿ ಫೋನ್ ಹಿಡಿದು ಹುಡುಕುತ್ತಾ ಕೂತೆ. 1990ರ ದಶಕದಲ್ಲಿ ಶುರುವಾದ ‘ಕಾಮತ್ಸ್ ಪಾಟ್‌ಪೂರಿ’ ಎಂಬ ಹಳೆಯ ವೆಬ್‌ಸೈಟ್ ಸಿಕ್ಕಿತು. ಇವತ್ತಿನ ಕಣ್ಣಿಗೆ ಅದರ ವಿನ್ಯಾಸ ಸಪ್ಪೆ. ಆದರೆ ಒಂದು ಪುಟ ತೆರೆದರೆ ಇನ್ನೊಂದಕ್ಕೆ ಕರೆದೊಯ್ಯುತ್ತೆ: ಊಟ, ಉಡುಗೆ, ಆಟ, ಸಂಗೀತ, ನೃತ್ಯ, ಹೆಂಗಸರ ಬದುಕು. ಆ ಪುಟಗಳಲ್ಲಿ ಮತ್ತೆ ಮತ್ತೆ ಕಂಡ ಹೆಸರು ಡಾ. ಜ್ಯೋತ್ಸ್ನಾ ಕಾಮತ್.

ರೇಡಿಯೋ ನೌಕರಿ, ಇತಿಹಾಸದ ಕೆಲಸ

ಉತ್ತರ ಕನ್ನಡದಲ್ಲಿ 1937ರಲ್ಲಿ ಹುಟ್ಟಿದ ಜ್ಯೋತ್ಸ್ನಾ ಅವರ ವೃತ್ತಿ ಆಕಾಶವಾಣಿಯಲ್ಲಿ. ಪತಿ ಕೃಷ್ಣಾನಂದ ಕಾಮತ್ ವಿಜ್ಞಾನಿ, ಛಾಯಾಚಿತ್ರಕಾರ, ಲೇಖಕ. ರೇಡಿಯೋ ನೌಕರಿಯ ಜೊತೆಗೇ ಜ್ಯೋತ್ಸ್ನಾ ಶಾಸನ, ಸಾಹಿತ್ಯ, ಶಿಲ್ಪ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರು. ಮಧ್ಯಕಾಲೀನ ಕರ್ನಾಟಕದ ಸಾಮಾಜಿಕ ಜೀವನದ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ‘ಸೋಷಿಯಲ್ ಲೈಫ್ ಇನ್ ಮೀಡಿಯೀವಲ್ ಕರ್ನಾಟಕ’ 1980ರಲ್ಲಿ ಬಂತು. 2022ರಲ್ಲಿ ಅವರು ತೀರಿಕೊಂಡರು.

ಇದರಲ್ಲಿ ದೊಡ್ಡ ಮಾತೇನಿದೆ ಅಂತೀರಾ? ನಾವು ಶಾಲೆಯಲ್ಲಿ ಓದಿದ ಇತಿಹಾಸ ನೆನಪಿಸಿಕೊಳ್ಳಿ. ರಾಜ, ಅವನ ಮಗ, ಯುದ್ಧ, ಇಸವಿ. ಅಲ್ಲಿ ಹೆಣ್ಣು ಬಂದರೆ ರಾಣಿಯಾಗಿ ಬರಬೇಕು. ಜ್ಯೋತ್ಸ್ನಾ ಅವರ ಪ್ರಶ್ನೆಗಳು ಬೇರೆ: ಆ ಕಾಲದ ಜನ ಏನು ತಿಂದರು, ಏನು ಉಟ್ಟರು, ಯಾರು ಹಾಡಿದರು, ಯಾರು ಕುಣಿದರು? ಇಂಥ ಓದಿಗೆ ಕನ್ನಡದಲ್ಲಿ ದಾರಿ ಮಾಡಿದವರಲ್ಲಿ ಎಂ. ಚಿದಾನಂದಮೂರ್ತಿ ಒಬ್ಬರು. 1966ರಲ್ಲಿ ಬಂದ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಶಾಸನ ಅಂದರೆ ಬರೀ ರಾಜರ ವಂಶಾವಳಿ ಅಲ್ಲ, ಜನಜೀವನದ ದಾಖಲೆ ಕೂಡ ಅಂತ ತೋರಿಸಿತು.

ನೃತ್ಯದ ವಿಷಯದಲ್ಲಿ ಚಾಲುಕ್ಯರ ಕಾಲ ಶ್ರೀಮಂತ. ವಿಕ್ರಮಾದಿತ್ಯನ ರಾಣಿ ಚಂದಲದೇವಿಗೆ ‘ನೃತ್ಯವಿದ್ಯಾಧರಿ’ ಎಂಬ ಬಿರುದಿತ್ತು. ಅವನ ಮಗ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ನೃತ್ಯಕ್ಕೇ ಒಂದು ಭಾಗ ಇದೆ. ಕುಣಿಯುವವರನ್ನು ಅದು ನಟ, ನರ್ತಕ, ನರ್ತಕಿ, ವೈತಾಳಿಕ, ಚಾರಣ, ಕೊಲ್ಲಟಿಗ ಅಂತ ಆರು ಬಗೆ ಮಾಡುತ್ತೆ. ಇಟಗಿಯ ಗುಡಿ ಎದ್ದು ಎರಡು ದಶಕದೊಳಗೆ ಬಂದ ಪುಸ್ತಕ ಅದು. ಇನ್ನು ಶಾಸನಗಳಲ್ಲಿ ‘ಪಾತ್ರ’ ಅಂದರೆ ನರ್ತಕಿ. ನಮ್ಮ ಅಜ್ಜ ಹೇಳಿದ ‘ಪಾತ್ರದವ್ರು’ ಒಂಬೈನೂರು ವರ್ಷ ಹಳೆಯ ಮಾತು!

ಆದರೆ ರಾಣಿ ಕುಣಿದರೆ ಬಿರುದು. ಉಳಿದವರು ಕುಣಿದರೆ?

ಅವ್ವ, ಅಜ್ಜಿ, ಮೊಮ್ಮಗಳು

ಆ ಪ್ರಶ್ನೆ ಹಿಡಿದುಕೊಂಡು ಇನ್ನೂ ಹಿಂದಕ್ಕೆ ಹೋದೆ. ಯಲಬುರ್ಗಾದಿಂದ ಗಜೇಂದ್ರಗಡದ ಮೇಲೆ ಬಾದಾಮಿ ಕಡೆ ಹೋದರೆ ಮಹಾಕೂಟ ಸಿಗುತ್ತೆ. ಹೊಂಡದಲ್ಲಿ ಈಜಾಡಿ, ಫೋಟೋ ತೆಗೆದು ಬರುವ ಜಾಗ ಅಂತಲೇ ನಾನು ತಿಳಿದಿದ್ದೆ. ಅಲ್ಲಿನ ಗುಡಿಯ ಕಂಬವೊಂದರ ಮೇಲೆ ಕನ್ನಡ ಶಾಸನವೊಂದಿದೆ. ಜೆ.ಎಫ್. ಫ್ಲೀಟ್ ಅದನ್ನು 1881ರಲ್ಲಿ ಪ್ರಕಟಿಸಿದರು. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ (696–733) ಕಾಲದ್ದು. ರಾಜನ ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆ ಮಹಾಕೂಟದ ದೇವರಿಗೆ ರತ್ನದ ಪೀಠ, ಬೆಳ್ಳಿಯ ಕೊಡೆ ಮತ್ತು ಭೂಮಿಯನ್ನು ದಾನ ಕೊಟ್ಟಳು ಅಂತ ಅದು ಹೇಳುತ್ತೆ.

ಆಕೆ ಯಾರು ಅಂತಲೂ ಹೇಳುತ್ತೆ. ಅಜ್ಜಿ ರೇವಮಂಚಿ. ರೇವಮಂಚಿಯ ಮಗಳು ಕುಚಿಪೋಟಿ. ಕುಚಿಪೋಟಿಯ ಮಗಳು ವಿನಾಪೋಟಿ. ಮೂರು ತಲೆಮಾರಿನ ಹೆಂಗಸರು, ಒಂದೂ ಗಂಡಸಿನ ಹೆಸರಿಲ್ಲ. ಆಕೆಯನ್ನು ಶಾಸನ ಕರೆಯುವುದು ‘ಸೂಳೆಯರ್’ ಅಂತ. ಹೆಸರಿಗೆ ‘ಗಳ್’ ಸೇರಿಸಿ, ಗೌರವದ ಬಹುವಚನದಲ್ಲಿ!

ಅದನ್ನು ಓದಿದ ಮೇಲೆ ಫೋನ್ ಕೆಳಗಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತೆ. ನಮ್ಮ ಕ್ಲಾಸಿನಲ್ಲಿ ಕಲ್ಲಿನ ಹಾಗೆ ತೂರಿ ಬಂದ ಶಬ್ದ, ಇಲ್ಲಿ ಕಲ್ಲಿನ ಮೇಲೆ ಮರ್ಯಾದೆಯಿಂದ ಕೂತಿದೆ. ಗೆಳತಿಯ ಬಾಯಿ ಕಟ್ಟಿಸಿದ ‘ಅಪ್ಪನ ಹೆಸರು’ ಈ ಶಾಸನಕ್ಕೆ ಬೇಕಾಗೇ ಇಲ್ಲ.

ಇಲ್ಲೇ ಎಚ್ಚರ ಬೇಕು

‘ನೋಡಿ, ಆಗ ಎಷ್ಟು ಚಂದ ಇತ್ತು’ ಅಂತ ಇಲ್ಲಿಗೆ ನಿಲ್ಲಿಸಿದರೆ ಲೈಕ್ ಬರುತ್ತೆ. ಆದರೆ ಅದು ಪೂರ್ತಿ ನಿಜ ಅಲ್ಲ.

ನಾನು ಸಾಫ್ಟ್‌ವೇರ್‌ನವಳು. ನನಗೆ ಶಾಸನ ಒಂದು ರೀತಿ ಸರ್ವರ್ ಲಾಗ್ ಇದ್ದ ಹಾಗೆ. ಏನನ್ನು ದಾಖಲಿಸು ಅಂತ ಹೇಳಿರ್ತೀವೋ ಅದನ್ನಷ್ಟೇ ಲಾಗ್ ಬರೆಯುತ್ತೆ. ಗುಡಿಯ ಶಾಸನ ಹೆಚ್ಚಾಗಿ ದಾನವನ್ನು ದಾಖಲಿಸುತ್ತೆ. ರತ್ನಪೀಠ ಕೊಡುವ ಶಕ್ತಿ ಇದ್ದ ವಿನಾಪೋಟಿ ಕಲ್ಲಿನ ಮೇಲೆ ಬಂದಳು. ಕೊಡೋಕೆ ಏನೂ ಇಲ್ಲದವಳು, ಬೇಡ ಅನ್ನುವ ಸ್ವಾತಂತ್ರ್ಯವೂ ಇಲ್ಲದವಳು ಎಲ್ಲಿ ಬರಬೇಕು? ಮೇಲಾಗಿ ವಿನಾಪೋಟಿ ಅರಸನ ಪ್ರೇಯಸಿ, ಗುಡಿಯಲ್ಲಿ ಕುಣಿಯುತ್ತಿದ್ದವಳು ಅಂತ ಶಾಸನ ಹೇಳಿಲ್ಲ.

ಈ ಎಚ್ಚರವನ್ನು ಕಲಿಸಿದವರೂ ಇತಿಹಾಸಕಾರ್ತಿಯರೇ. ಅಲೋಕಾ ಪರಾಶರ್ ಮತ್ತು ಉಷಾ ನಾಯ್ಕ್ 1986ರಲ್ಲಿ ಮಧ್ಯಕಾಲೀನ ಕರ್ನಾಟಕದ ಗುಡಿಯ ಹೆಣ್ಣುಮಕ್ಕಳ ಬಗ್ಗೆಯೇ ಒಂದು ದೀರ್ಘ ಪ್ರಬಂಧ ಬರೆದರು. ಕೆನಡಾದ ಲೆಸ್ಲಿ ಓರ್ ಚೋಳರ ಕಾಲದ ತಮಿಳು ಶಾಸನಗಳನ್ನು ಓದಿ 2000ದಲ್ಲಿ ಪುಸ್ತಕ ತಂದರು. ಅವರ ಮುಖ್ಯ ಮಾತು ಇದು: ಹತ್ತೊಂಬತ್ತು-ಇಪ್ಪತ್ತನೇ ಶತಮಾನದ ‘ದೇವದಾಸಿ’ ಎಂಬ ಚಿತ್ರವನ್ನು ತಲೆಯಲ್ಲಿ ಇಟ್ಟುಕೊಂಡು ಸಾವಿರ ವರ್ಷ ಹಿಂದಿನ ಹೆಂಗಸರನ್ನು ಅಳೆಯಬಾರದು.

ಅದು ತಿರುಗಿಸಿದರೂ ಸರಿಯೇ. ಹಳೇ ಶಾಸನದ ಗೌರವ ತೋರಿಸಿ ಇವತ್ತಿನ ಮುತ್ತು ಕಟ್ಟುವುದನ್ನು ‘ಪರಂಪರೆ’ ಅನ್ನೋ ಹಾಗಿಲ್ಲ. ನಮ್ಮ ಕಾಲದಲ್ಲಿ ಮುತ್ತು ಕಟ್ಟಿಸಿಕೊಂಡವರು ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಅವರಿಗೆ ಇಟಗಿಯ ಮಂಟಪವೂ ಇರಲಿಲ್ಲ, ದಾನ ಕೊಡುವಷ್ಟು ಹೊಲವೂ ಇರಲಿಲ್ಲ. ಅದಕ್ಕೇ 1982ರಲ್ಲಿ ರಾಜ್ಯ ಈ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಮಾಡಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯಲ್ಲಿ, ಈ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ ಎಂಬ ಮಾತಿದೆ. ನಮ್ಮ ಹತ್ತನೇ ಕ್ಲಾಸಿಗೆ ಅದು ತಡವಾಗಿ ಬಂತು, ಇರಲಿ. ಈಗ ಓದುತ್ತಿರುವ ಮಕ್ಕಳಿಗಾದರೂ ಬಂತಲ್ಲ.

ಒಂದು ಫೋನ್ ಕರೆ

ಗೆಳತಿ ಈಗ ಗಂಗಾವತಿಯಲ್ಲಿ ನರ್ಸ್. ವಿನಾಪೋಟಿಯ ವಿಷಯ ಹೇಳಬೇಕೋ ಬೇಡವೋ ಅಂತ ವಾರ ಯೋಚಿಸಿ ಕೊನೆಗೆ ಫೋನ್ ಮಾಡಿದೆ. ಮೊದಲು ಆ ದಿನ ಸುಮ್ಮನೆ ಕೂತಿದ್ದಕ್ಕೆ ಕ್ಷಮೆ ಕೇಳಿದೆ. ‘ಇನ್ನೂ ಅದನ್ನ ತಲ್ಯಾಗ ಇಟ್ಕೊಂಡೀಯೇನು?’ ಅಂದಳು. ಆಮೇಲೆ ಸ್ವಲ್ಪ ತಡೆದು, ‘ನಾನೂ ಇಟ್ಕೊಂಡೀನಿ’ ಅಂದಳು.

ಶಾಸನದ ಕಥೆ ಹೇಳಿದಾಗ ಸ್ಪೀಕರ್ ಆನ್ ಮಾಡಿ ಅವ್ವನನ್ನು ಕರೆದಳು. ಅವ್ವ ಪೂರ್ತಿ ಕೇಳಿದರು. ಶಬ್ದದ ಬಗ್ಗೆ ಅವರೇನೂ ಅನ್ನಲಿಲ್ಲ. ಕೇಳಿದ್ದು ಒಂದೇ:

‘ಆಕಿ ಅವ್ವನ ಹೆಸರೂ ಬರ್ಸಿದ್ಲೇನವ?’

‘ಅಜ್ಜಿದೂ ಐತ್ರಿ ಚಿಗವ್ವ.’

‘ಶ್ಯಾಣ್ಯಾಕಿ,’ ಅಂದರು.

ಕೊಪ್ಪಳ ಸೀಮೆಯ ಶಾಸನಗಳು ಅಚ್ಚಾಗಿವೆ. ನಿಜಾಮರ ಕಾಲದಲ್ಲಿ, 1935ರಲ್ಲೇ, ಕೊಪ್ಪಳದ ಕನ್ನಡ ಶಾಸನಗಳ ಪುಸ್ತಕ ಹೈದರಾಬಾದಿನಿಂದ ಬಂದಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಶಾಸನಗಳ ಸಂಪುಟವನ್ನೇ ತಂದಿದೆ. ಓದೋಕೆ ಪಂಡಿತರೇ ಆಗಬೇಕಿಲ್ಲ. ಜ್ಯೋತ್ಸ್ನಾ ಕಾಮತ್ ನೌಕರಿ ಮಾಡುತ್ತಲೇ ಓದಿದರು, ನಾವು ವೀಕೆಂಡಿಗೆ ಒಂದೆರಡು ಪುಟವಾದರೂ ಓದಬಹುದು.

ಆ ರಾತ್ರಿ ನಮ್ಮ ಮನೆಯಲ್ಲಿ ಅವ್ವನನ್ನು ಕೇಳಿದೆ: ‘ನಿನ್ನ ಅವ್ವನ ಅವ್ವನ ಹೆಸರೇನು?’ ಅಪ್ಪನ ಕಡೆ ಆರು ತಲೆಮಾರಿನ ಹೆಸರು ಗಟಗಟ ಹೇಳುವ ಮನೆ ನಮ್ಮದು. ಅವ್ವ ಒಲೆಯ ಮುಂದೆ ನಿಂತು ಯೋಚಿಸಿದಳು. ‘ಎಲ್ಲರೂ ಆಯಿ ಅಂತಿದ್ವಿ ನೋಡು’ ಅಂದಳು. ಹೆಸರು ನೆನಪಾಗಲಿಲ್ಲ.

ನಿಮಗೆ ನಿಮ್ಮ ಅವ್ವನ ಅಜ್ಜಿಯ ಹೆಸರು ಗೊತ್ತಾ? ಇವತ್ತೇ ಒಂದು ಫೋನ್ ಮಾಡಿ ಕೇಳಿ. ಗೊತ್ತಿರುವವರು ಇರುವಾಗಲೇ ಬರೆದಿಟ್ಟುಕೊಳ್ಳಿ.