ಬೆಳ್ಳಿಯೂ ಅಲ್ಲ, ಬಿಸ್ಮತ್ತೂ ಅಲ್ಲ, ನಡುವಿನ ಗಡಿ!

ಬೆಳ್ಳಿಯೊಂದನ್ನೇ ಇಟ್ಟು ನೋಡಿದರು, ಸಿಕ್ಕಿದ್ದು ನಾಮಮಾತ್ರ. ಬಿಸ್ಮತ್ತನ್ನೇ ಇಟ್ಟು ನೋಡಿದರು, ಅದೂ ಅಷ್ಟಕ್ಕಷ್ಟೆ. ಬೆಳ್ಳಿಯ ಮೇಲೆ ಬಿಸ್ಮತ್ ಹೊದಿಸಿದರು ನೋಡಿ, ವಿದ್ಯುತ್ ಸಂಕೇತ ಜಿಗಿದೆದ್ದಿತು! ಎರಡರಲ್ಲೂ ಇಲ್ಲದ್ದು ಎಲ್ಲಿಂದ ಬಂತು? ಎರಡೂ ತಾಗುವ ಗಡಿಯಿಂದ. ಪರಮಾಣುಗಳ ಲೆಕ್ಕದಲ್ಲಿ ಅಳೆಯಬೇಕಾದಷ್ಟು ತೆಳುವಾದ ಆ ಗಡಿಯಿಂದ!

2013ರಲ್ಲಿ ಹುವಾನ್ ಕಾರ್ಲೋಸ್ ರೋಹಾಸ್ ಸಾಂಚೆಸ್, 2007ರ ನೊಬೆಲ್ ಪಡೆದ ಆಲ್ಬೆರ್ ಫೆರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವಿದು. ಇದರ ಸೊಬಗು ತಿಳಿಯಲು ಒಂದು ವಿಚಿತ್ರವನ್ನು ಮೊದಲು ಒಪ್ಪಿಕೊಳ್ಳಬೇಕು. ಪ್ರತಿ ಎಲೆಕ್ಟ್ರಾನಿಗೂ ವಿದ್ಯುದಾವೇಶದ ಜೊತೆಗೆ ಸ್ಪಿನ್ ಎಂಬ ಕಾಂತಗುಣವಿದೆ. ಮೇಲ್ಮುಖ ಸ್ಪಿನ್ನಿನವು ಬಲಕ್ಕೆ, ಅಷ್ಟೇ ಸಂಖ್ಯೆಯ ಕೆಳಮುಖದವು ಎಡಕ್ಕೆ ಓಡಿದರೆ? ಆವೇಶ ಒಟ್ಟಾರೆ ಎಲ್ಲಿಗೂ ಹೋಗಲಿಲ್ಲ, ಆಮ್ಮೀಟರಿನ ಮುಳ್ಳು ಅಲುಗುವುದಿಲ್ಲ. ಆದರೂ ಸ್ಪಿನ್ ಹರಿಯುತ್ತಿದೆ! ಕಾಣದ ಈ ಹೊಳೆಯನ್ನು ಕಾಣಿಸುವುದು ಹೇಗೆ?

ತಳದಲ್ಲಿ ನಿಕಲ್-ಕಬ್ಬಿಣದ ಪದರ. ಕಾಂತಕ್ಷೇತ್ರ ಕೊಟ್ಟು, ತಕ್ಕ ಆವೃತ್ತಿಯ ಮೈಕ್ರೋವೇವ್ ಹಾಯಿಸಿದರೆ ಅದರ ಕಾಂತತ್ವ ಬುಗುರಿಯಂತೆ ಓಲಾಡುತ್ತ ಸುತ್ತುತ್ತದೆ. ಆ ಸುತ್ತಾಟ ಬೆಳ್ಳಿಯೊಳಕ್ಕೆ ಬರೀ ಸ್ಪಿನ್ನನ್ನು ತಳ್ಳುತ್ತದೆ. ಅದು ಬಿಸ್ಮತ್ತಿನ ಗಡಿ ಮುಟ್ಟುತ್ತದೆ. ಅಲ್ಲಿ ಒಂದು ಬದಿಗೆ ಬೆಳ್ಳಿ, ಇನ್ನೊಂದು ಬದಿಗೆ ತೂಕದ ಬಿಸ್ಮತ್. ಈ ಅಸಮತೆಯಿಂದ ಹುಟ್ಟುವ ವಿದ್ಯುತ್ ಕ್ಷೇತ್ರ, ಓಡುವ ಎಲೆಕ್ಟ್ರಾನಿಗೆ ಕಾಂತಕ್ಷೇತ್ರವಾಗಿ ತೋರುತ್ತದೆ! ಹೀಗಾಗಿ ಓಡುವ ದಿಕ್ಕು ಯಾವುದೋ ಸ್ಪಿನ್ ಅದಕ್ಕೆ ಲಂಬ. ಎರಡಕ್ಕೂ ಬಿಡಿಸಲಾಗದ ಗಂಟು. ಇದೇ ರಶ್ಬಾ ಪರಿಣಾಮ. ಒಂದೇ ಮುಖದ ಸ್ಪಿನ್ ಬಂದು ತುಂಬಿಕೊಂಡರೆ ಎಲೆಕ್ಟ್ರಾನುಗಳು ಒಂದೇ ಕಡೆಗೆ ಓಡಲೇಬೇಕು. ಹುಟ್ಟಿತು ವಿದ್ಯುತ್ ಪ್ರವಾಹ! ಕಾಂತಕ್ಷೇತ್ರವನ್ನು ತಿರುಗಿಸಿದರೆ ವೋಲ್ಟೇಜೂ ತಿರುಗುತ್ತದೆ. ಇದರ ಮಗ್ಗುಲು ಬದಲಿಸಿದ ರೂಪ, ಅಂದರೆ ವಿದ್ಯುತ್ತಿನಿಂದ ಸ್ಪಿನ್ ಒಟ್ಟುಗೂಡುವುದನ್ನು, ಭೌತವಿಜ್ಞಾನಿ ಎಡೆಲ್‌ಸ್ಟೈನ್ 1990ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ವಿದ್ಯುತ್ ಹೋದರೂ ಮರೆಯದ ಕಾಂತೀಯ ಮೆಮೊರಿಗಳಲ್ಲಿ ಬರೆಯಲು ಇಂಥ ಸ್ಪಿನ್ನನ್ನೇ ಬಳಸುವ ಪ್ರಯತ್ನ ನಡೆದಿದೆ.

ನನ್ನನ್ನು ಅತಿಯಾಗಿ ಮರುಳು ಮಾಡಿದ್ದು ಬೇರೆಯೇ. ಸ್ಪಿನ್ ಬರುವುದು ಗಡಿಯನ್ನು ಹಾಯ್ದು, ಅದರ ಅಳತೆ ಚದರ ಮೀಟರಿಗೆ ಆಂಪೇರ್. ಆವೇಶ ಹರಿಯುವುದು ಗಡಿಯ ಉದ್ದಕ್ಕೆ ಹಾಳೆಯಾಗಿ, ಅದರ ಅಳತೆ ಮೀಟರಿಗೆ ಆಂಪೇರ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಉಳಿಯುವುದು ಒಂದು ಉದ್ದ! ಪರಿವರ್ತನೆಯ ಸಾಮರ್ಥ್ಯವೇ ಒಂದು ಉದ್ದ! ಬೆಳ್ಳಿ-ಬಿಸ್ಮತ್ತಿಗೆ ಅದು 0.2ರಿಂದ 0.33 ನ್ಯಾನೋಮೀಟರ್, ಹೆಚ್ಚುಕಡಿಮೆ ಒಂದು ಪರಮಾಣುವಿನ ಗಾತ್ರ. 2016ರಲ್ಲಿ ಲ್ಯಾಂಥನಮ್ ಅಲ್ಯೂಮಿನೇಟ್, ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಎರಡು ಅವಾಹಕಗಳ ಗಡಿಯಲ್ಲಿ, ಅತಿಶೀತದಲ್ಲಿ, ಅದು 6.4 ನ್ಯಾನೋಮೀಟರಿಗೆ ಏರಿತು.

ಭೌತವಿಜ್ಞಾನ ಕಲಿಸುವ ಮೇಷ್ಟ್ರೇ, ಮೇಡಂ, ದಯವಿಟ್ಟು ಈ ಒಂದು ಭಾಗಾಕಾರವನ್ನು ಪಿಯುಸಿ ಮಕ್ಕಳಿಂದ ಬೋರ್ಡಿನ ಮೇಲೆ ಮಾಡಿಸಿ.