ಹೊಟ್ಟೆ ತುಂಬಿದರೆ ಸಾಕೇ?

ಬಳ್ಳಾರಿಯಿಂದ ರಾಯದುರ್ಗಕ್ಕೆ, ಪಾವಗಡದಿಂದ ಮಡಕಶಿರಾಕ್ಕೆ ಬಸ್ಸು ಹತ್ತಿದರೆ ರಾಜ್ಯದ ಗಡಿ ದಾಟಿದ್ದು ತಿಳಿಯುವುದು ಬೋರ್ಡಿನ ಅಕ್ಷರದಿಂದ ಮಾತ್ರ. ಎಷ್ಟೋ ಮನೆಗಳಲ್ಲಿ ಅದೇ ಕನ್ನಡ, ಹೊರಗೆ ಅದೇ ಒಣನೆಲ. ಆಂಧ್ರದ ಹಳೆಯ ಅನಂತಪುರ ಜಿಲ್ಲೆಯ ಊರುಗಳಿವು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಡೀ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆ, ಅದನ್ನೂ ನಂಬುವಂತಿಲ್ಲ. ರಾಯದುರ್ಗದ ಕಡೆ ಶೇಂಗಾ ಎನ್ನಿ, ಮಡಕಶಿರಾದ ಕಡೆ ಕಡಲೆಕಾಯಿ ಎನ್ನಿ, ಈ ನೆಲದ ಮುಖ್ಯ ಬೆಳೆ ಅದೇ. ಇಷ್ಟು ಪುಷ್ಟಿಕರ ಕಾಳು ಬೆಳೆಯುವ ಮನೆಯ ಮಗುವೇ ಸೊರಗಿದರೆ ಕಾರಣವೇನು?

ತಟ್ಟೆ ಬದಲಾದ ಬಗೆ

ಹಿಂದೆ ಇಲ್ಲಿ ರಾಗಿ, ನವಣೆ, ಸಜ್ಜೆ, ಹುರುಳಿ ಎಲ್ಲವನ್ನೂ ಬಿತ್ತುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಮನೆ ಸಾಕುತ್ತಿತ್ತು. ಕ್ರಮೇಣ ಶೇಂಗಾ ಹೊಲಗಳನ್ನೆಲ್ಲ ಆವರಿಸಿತು. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿ ತಂದಿತು. ಹಸಿವು ತಣಿಸಿದ ಆ ಅಕ್ಕಿಯನ್ನು ಹಳಿಯಬಾರದು. ಆದರೆ ಮುದ್ದೆಯ ಜಾಗಕ್ಕೆ ಅನ್ನ ಬಂತು, ಬೆಳೆದ ಕಾಯಿ ಎಣ್ಣೆ ಮಿಲ್ಲಿಗೆ ಹೋಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದ್ದರೆ, ಬಿಳಿ ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಈ ಸೀಮೆಯಲ್ಲಿ ಮಕ್ಕಳ ಮೂಳೆಗೆ ಸುಣ್ಣದಂಶ ಇನ್ನೂ ಅಗತ್ಯ.

ಮಳೆ ಹೋದ ವರ್ಷ ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮಗು ಅಜ್ಜಿಯ ಮಡಿಲಿಗೆ ಬೀಳುತ್ತದೆ. ಅದು ಅತ್ತಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿಯ ಬಿಸ್ಕತ್ತು ಕೊಡಿಸುತ್ತಾಳೆ, ಚಹಾದಲ್ಲಿ ಅದ್ದಿ ತಿನ್ನಿಸುತ್ತಾಳೆ. ಅವಳ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಚಹಾ, ಆಹಾರದ ಕಬ್ಬಿಣದಂಶ ಮೈಗೆ ಸೇರದಂತೆ ತಡೆಯುತ್ತದೆ. ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಮೊದಲ ಎರಡು ವರ್ಷ

2023ರಲ್ಲಿ ಆಂಧ್ರ ಸರ್ಕಾರ ಶಾಲಾಮಕ್ಕಳಿಗೆ ವಾರಕ್ಕೆ ಮೂರು ದಿನ ರಾಗಿ ಜಾವ ಕೊಡಲು ಆರಂಭಿಸಿತು. ಒಳ್ಳೆಯ ಹೆಜ್ಜೆ. ಆದರೆ ಮಗುವಿನ ಎತ್ತರ, ಬುದ್ಧಿಯ ತಳಪಾಯ ಬೀಳುವುದು ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ. ಆರು ತಿಂಗಳವರೆಗೆ ತಾಯಿಹಾಲು ಮಾತ್ರ ಸಾಕು, ನೀರೂ ಬೇಡ. ಆಮೇಲೆ ತಾಯಿಹಾಲಿನ ಜೊತೆಗೆ ಮೆತ್ತಗಿನ ಊಟ ಬೇಕು.

ಅದಕ್ಕೆ ನಮ್ಮ ಅಜ್ಜಿಯರ ರಾಗಿಸರಿಯೇ ಇದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಚೆನ್ನಾಗಿ ಒಣಗಿಸಿ, ಹುರಿದು ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಮೊಳಕೆ ಬಂದ ಹಿಟ್ಟಿನ ಗಂಜಿ ಅಷ್ಟಾಗಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ಚಿಕ್ಕ ಬಟ್ಟಲಲ್ಲೇ ಹೆಚ್ಚು ಹಿಟ್ಟು ಸೇರಿಸಬಹುದು, ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸಿಗುತ್ತದೆ. ಹುರಿಗಡಲೆ ಪುಡಿ, ಶೇಂಗಾ ಪುಡಿ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಬೆರೆಸಿ. ಬೂಸಲು ಹಿಡಿದ ಕಾಯಿ ಬೇಡವೇ ಬೇಡ. ಇಡೀ ಬೀಜ ಗಂಟಲಲ್ಲಿ ಸಿಕ್ಕೀತು, ಚಿಕ್ಕವರಿಗೆ ಕೊಡಬೇಡಿ. ಮಗು ಬೆಳೆದಂತೆ ಮೊಟ್ಟೆ, ಬೇಳೆ, ನುಗ್ಗೆಸೊಪ್ಪು, ಹಿಂಡಿದ ನಿಂಬೆರಸ ಸೇರಲಿ.

ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನೀರೂ ಔಷಧಿಯೇ

ಯೇಸುಸಭೆಯವರಾಗಿ 1952ರಲ್ಲಿ ಸ್ಪೇನಿನಿಂದ ಭಾರತಕ್ಕೆ ಬಂದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದರು. ಮುಂದೆ ಸಭೆಯನ್ನು ಬಿಟ್ಟರೂ ಈ ಜನರನ್ನು ಬಿಡಲಿಲ್ಲ. 2009ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಬತ್ತಲಪಲ್ಲಿ, ಕಲ್ಯಾಣದುರ್ಗಗಳಲ್ಲಿ ಆಸ್ಪತ್ರೆ ತೆರೆಯಿತು. ಅಷ್ಟಕ್ಕೇ ನಿಲ್ಲದೆ ಬಾವಿ ತೋಡಿಸಿತು, ಚೆಕ್‌ಡ್ಯಾಂ ಕಟ್ಟಿಸಿತು. ಹೊಲಕ್ಕೆ ನೀರು ಬಂದರೆ ತಾಯಿ ಊರಲ್ಲೇ ಉಳಿಯುತ್ತಾಳೆ. ತಾಯಿ ಉಳಿದರೆ ಮಗುವಿನ ಬಟ್ಟಲು ತುಂಬುತ್ತದೆ.

ಪ್ರಿಯ ಓದುಗರೇ, ಈ ಮಾತು ಗಡಿಯಾಚೆಯ ಊರುಗಳಿಗಷ್ಟೇ ಅಲ್ಲ. ಈ ಬಾರಿ ಕಡಲೆಕಾಯಿ ಮಾರುವ ಮುನ್ನ ಒಂದು ಚೀಲವನ್ನು ಮನೆಯ ಮಕ್ಕಳಿಗೆಂದು ಎತ್ತಿಡೋಣ. ನೆರೆಮನೆಯಲ್ಲಿ ಮೊಮ್ಮಗುವನ್ನು ಸಾಕುತ್ತಿರುವ ಅಜ್ಜಿಯಿದ್ದರೆ ಬಿಸ್ಕತ್ತಿನ ಬದಲು ಒಂದು ಡಬ್ಬಿ ರಾಗಿಸರಿ ಹಿಟ್ಟು ಕೊಂಡೊಯ್ಯೋಣ.