ಮೋಟಾರು ಕಾರಿನ ಹೊಗೆಯೂ ಮನೆಯಲ್ಲಿಯೇ ಮಾಡತಕ್ಕ ಪರೀಕ್ಷೆಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಕಾರು ನಡೆಸಿಕೊಂಡು ಸಂತೇಬೆನ್ನೂರಿನಿಂದ ಚನ್ನಗಿರಿಗೂ ದಾವಣಗೆರೆಗೂ ಉದ್ಯೋಗಕ್ಕಾಗಿ ಹೋಗಿಬರುತ್ತಾರೆಂಬುದು ನಮಗೆ ಬಹು ಸಂತೋಷದ ಸಂಗತಿ. ಆದರೆ ಕಾರಿನ ಮುಂದಿನ ಫಲಕದಲ್ಲಿ ಇಂಜಿನಿನ ಆಕಾರದ ಹಳದಿ ದೀಪವು ಹತ್ತಿಕೊಂಡಿತೆಂದರೆ, ಗಣಿತದಲ್ಲಿ ಯಾರಿಗೂ ಸೋಲದಿದ್ದ ಈ ಜಾಣೆಯರೇ ರಿಪೇರಿಯವನ ಮಾತಿಗೆ ಎದುರಾಡದೆ ಹಣ ತೆತ್ತು ಬರುತ್ತಾರೆ. ಕಳೆದ ವರ್ಷ ಇವರಲ್ಲೊಬ್ಬಳಿಗೆ, ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರೇ ಕೆಟ್ಟಿತೆಂದು ಹೇಳಿ, ಅವಳ ಒಂದು ತಿಂಗಳ ಸಂಬಳಕ್ಕೂ ಮೀರಿದ ಮೊತ್ತವನ್ನು ಕೇಳಿದರು. ಕೊನೆಗೆ ನೋಡಲಾಗಿ ಕೆಟ್ಟಿದ್ದುದು ಹೊಗೆಕೊಳವೆಯ ಜೋಡಣೆಯಲ್ಲಿದ್ದ ಒಂದು ಗ್ಯಾಸ್ಕೆಟ್ಟು ಮಾತ್ರ.

ಇಂಥ ಭ್ರಮೆ ಹೇಗೆ ಉಂಟಾಗುವುದೆಂಬುದನ್ನು ತಿಳಿಯಬೇಕಾದರೆ ಕನ್ವರ್ಟರಿನ ಕೆಲಸವನ್ನು ಮೊದಲು ಅರಿಯಬೇಕು. ಜೇನುಗೂಡಿನಂಥ ರಂಧ್ರಗಳುಳ್ಳ ಈ ಪಾತ್ರೆಯೊಳಗೆ ಪ್ಲಾಟಿನಮ್, ಪಲಾಡಿಯಮ್, ರೋಡಿಯಮ್ ಎಂಬ ಬೆಲೆಯುಳ್ಳ ಲೋಹಗಳ ತೆಳುವಾದ ಲೇಪವಿರುತ್ತದೆ. ಇಂಜಿನಿನಿಂದ ಬರುವ ವಿಷವಾಯುಗಳು ಇದನ್ನು ಹಾದುಹೋಗುವಾಗ ಕಾರ್ಬನ್ ಮಾನಾಕ್ಸೈಡು ಕಾರ್ಬನ್ ಡೈಆಕ್ಸೈಡಾಗಿಯೂ, ಉರಿಯದೆ ಉಳಿದ ಪೆಟ್ರೋಲಿನ ಅಂಶವು ಅದೇ ವಾಯುವೂ ನೀರಾವಿಯೂ ಆಗಿಯೂ, ನೈಟ್ರೋಜನ್ನಿನ ಆಕ್ಸೈಡುಗಳು ಬರಿಯ ನೈಟ್ರೋಜನ್ನಾಗಿಯೂ ಮಾರ್ಪಡುತ್ತವೆ. ಪಾತ್ರೆಯ ಹಿಂದೆ ಒಂದು, ಮುಂದೆ ಒಂದು ಆಕ್ಸಿಜನ್ ಸೆನ್ಸರುಗಳಿದ್ದು, ಎರಡರ ಲೆಕ್ಕವನ್ನೂ ಕಾರಿನೊಳಗಿನ ಗಣಕವು ಹೋಲಿಸುತ್ತಿರುತ್ತದೆ. ಎರಡೂ ಒಂದೇ ರೀತಿ ಏರಿಳಿಯತೊಡಗಿದರೆ, ಪಾತ್ರೆ ತನ್ನ ಕೆಲಸ ಮಾಡುತ್ತಿಲ್ಲವೆಂದು ಬಗೆದು ಅದು ದೀಪ ಹಚ್ಚುತ್ತದೆ. ಕೊಳವೆಯ ಬಿರುಕಿನಿಂದ ಹೊರಗಾಳಿ ಒಳಹೊಕ್ಕರೂ, ಸೆನ್ಸರೇ ಕೆಟ್ಟರೂ ಈ ಲೆಕ್ಕ ತಪ್ಪುವುದುಂಟು. ದೀಪವು ದೂರು ಹೇಳುತ್ತದೆಯೇ ಹೊರತು ತೀರ್ಪು ಹೇಳುವುದಿಲ್ಲ.

ದೂರನ್ನು ಓದುವುದು ಕಷ್ಟವಲ್ಲ. ಸ್ಟೇರಿಂಗಿನ ಕೆಳಗೆ, ಸಾಮಾನ್ಯವಾಗಿ ಮೊಣಕಾಲಿನ ಬಳಿ, 16 ಸೂಜಿಗಳ ಒಂದು ಕಿಂಡಿಯಿದೆ. ಬೆಂಕಿಪೆಟ್ಟಿಗೆಯಷ್ಟಿರುವ ಓಬಿಡಿ ಯಂತ್ರವನ್ನು ಅದಕ್ಕೆ ಸಿಕ್ಕಿಸಿ, ಇಂಜಿನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿದರೆ, ಮೊಬೈಲಿನಲ್ಲಿ ಸಂಕೇತ ಕಾಣುತ್ತದೆ. ಪಿ0420 ಎಂದರೆ ಮೇಲೆ ಹೇಳಿದ ಕನ್ವರ್ಟರಿನ ದೂರು; ಪಿ0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಮೆ; ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಉರಿ ಸರಿಯಾಗಿ ಹತ್ತುತ್ತಿಲ್ಲ. ಸಂಕೇತವನ್ನೂ, ದೋಷ ಕಂಡ ಕ್ಷಣದಲ್ಲಿ ಇಂಜಿನಿನ ವೇಗ ಉಷ್ಣತೆಗಳೆಷ್ಟಿದ್ದುವೆಂಬ ದಾಖಲೆಯನ್ನೂ ಮೊದಲು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ‘ಅಳಿಸಿಬಿಟ್ಟೆ, ಸರಿಹೋಯಿತು’ ಎನ್ನುವವರ ಮಾತಿಗೆ ಮರುಳಾಗಕೂಡದು. ಅಳಿಸಿದಾಗ ಈ ಸಾಕ್ಷ್ಯವೂ ಅಳಿಯುತ್ತದೆ, ದೋಷವು ಇದ್ದಲ್ಲಿಯೇ ಇರುತ್ತದೆ.

ಆಮೇಲೆ ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಬೇಕು. ನಮ್ಮ ಸೀಮೆಯಲ್ಲಿ ಮೆಕ್ಕೆಜೋಳದ ಚೀಲಗಳಿರುವ ಕೊಟ್ಟಿಗೆಯಲ್ಲಿಯೇ ಕಾರನ್ನೂ ನಿಲ್ಲಿಸುವ ಮನೆಗಳು ಬಹಳ. ಆದುದರಿಂದ ಇಲಿ ಕಡಿದ ತಂತಿಗಳನ್ನೂ ರಬ್ಬರು ಕೊಳವೆಗಳನ್ನೂ ಮೊದಲು ಹುಡುಕಿರಿ. ಏರ್ ಫಿಲ್ಟರನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಒಕ್ಕಣೆಯ ಕಾಲದ ಧೂಳಿಗೆ ಅದು ಬೇಗನೆ ಕಟ್ಟಿಕೊಳ್ಳುತ್ತದೆ. ಇಂಜಿನು ತಣ್ಣಗಿರುವಾಗ ಚಾಲೂ ಮಾಡಿ, ಕನ್ವರ್ಟರಿನ ಹತ್ತಿರದ ಜೋಡಣೆಗಳಲ್ಲಿ ಟಿಕ್‌ಟಿಕ್ ಶಬ್ದ ಬರುವುದೋ, ಕಪ್ಪು ಮಸಿಯ ಗುರುತಿದೆಯೋ ನೋಡಿರಿ, ಕೊಳವೆಯನ್ನು ಮುಟ್ಟಬೇಡಿರಿ. ಪಿ0301 ಬಂದಿದ್ದರೆ, ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲಿರುವ ಕಾರಿನಲ್ಲಿ, ಇಂಜಿನು ನಿಲ್ಲಿಸಿ ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ ಬದಲಿಸಿ ನೋಡುವುದೊಂದು ಸೊಗಸಾದ ಉಪಾಯ: ಸಂಕೇತವು ಪಿ0302 ಆದರೆ ಕೆಟ್ಟದ್ದು ಕಾಯಿಲೇ. ನಮ್ಮ ಪ್ರಯೋಗಶಾಲೆಯಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿ ನೋಡುವಂತೆ ಹೇಳುತ್ತಿದ್ದುದು ಇದನ್ನೇ ಅಲ್ಲವೆ? ದೀಪವು ಮಿನುಗತೊಡಗಿದರೆ ಮಾತ್ರ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕು. ಉರಿಯದ ಪೆಟ್ರೋಲು ಕನ್ವರ್ಟರಿನೊಳಗೆ ಹೊತ್ತಿ ಅದನ್ನು ನಿಜವಾಗಿಯೂ ಸುಟ್ಟುಹಾಕೀತು.

ಪೆಟ್ರೋಲು ಕಾರಿನ ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿಯಾದರೆ ಇಂಜಿನ್ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಗಾಳಿ ಸಾಲದು. ಡಿಸೆಂಬರಿನ ಬೆಳಗಿನ ಬಿಳಿ ಹೊಗೆ ಬರಿಯ ಆವಿ. ಬಿಸಿಯಾದ ಮೇಲೂ ನಿಲ್ಲದೆ, ಕೂಲೆಂಟೂ ಇಳಿಯುತ್ತಿದ್ದರೆ ತಡಮಾಡಬಾರದು.

ತಂದೆತಾಯಿಗಳಲ್ಲಿ ನಮ್ಮದೊಂದು ಕಟ್ಟುನಿಟ್ಟಿನ ಬಿನ್ನಹವಿದೆ. ಈ ಪರೀಕ್ಷೆಗಳೆಲ್ಲ ಬಯಲಿನಲ್ಲಿಯೇ ನಡೆಯಲಿ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನು ಓಡಿಸುವುದು ಪ್ರಾಣಾಪಾಯ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಕ್ಸಿಜನ್ನಿಗೆ ಎಡೆಗೊಡದು. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ‘ಸ್ವಲ್ಪ ಬಿಸಿಯಾಗಲಿ’ ಎಂದು ಒಳಗೇ ನಿಲ್ಲಿಸುವ ಅಭ್ಯಾಸವನ್ನು ಇಂದೇ ಬಿಡಿರಿ.

ಇನ್ನು ಸರಕಾರದ ಹೊಗೆ ತಪಾಸಣೆ. ಭಾರತ್ ಸ್ಟೇಜ್ 4ರ ನಿಯಮವು ದೇಶಕ್ಕೆಲ್ಲ 2017ರ ಏಪ್ರಿಲ್ 1ರಿಂದಲೂ, ಸ್ಟೇಜ್ 6ರದು 2020ರ ಏಪ್ರಿಲ್ 1ರಿಂದಲೂ ಜಾರಿಗೆ ಬಂದುವು. ತಪಾಸಣೆಯಲ್ಲಿ ಉತ್ತೀರ್ಣವಾಯಿತೆಂದು ದೀಪವನ್ನು ಅಲಕ್ಷಿಸಬಾರದು, ಏಕೆಂದರೆ ಅಲ್ಲಿ ಅಳೆಯುವುದು ನಿಂತ ಕಾರಿನ ಹೊಗೆಯನ್ನು. ಹಾಗೆಯೇ, ಸುಸ್ಥಿತಿಯಲ್ಲಿರುವ ಕಾರೂ ಅಲ್ಲಿ ಸೋಲುವುದುಂಟು. ಸುಮಾರು 300 ಡಿಗ್ರಿ ಸೆಂಟಿಗ್ರೇಡು ಕಾಯುವ ತನಕ ಕನ್ವರ್ಟರು ಸರಿಯಾಗಿ ಕೆಲಸ ಮಾಡದು. ಚನ್ನಗಿರಿಗೆ ಹೋಗಿ ಪರೀಕ್ಷೆ ಮಾಡಿಸುವವರು, ಊರು ಮುಟ್ಟಿದೊಡನೆ ಅಂಗಡಿ ಬೀದಿಯಲ್ಲಿ ಕಾರು ನಿಲ್ಲಿಸಿ ಕೆಲಸಗಳನ್ನೆಲ್ಲ ಮುಗಿಸಿಕೊಂಡು ಆಮೇಲೆ ಹೋಗುವುದಕ್ಕಿಂತ, ಇಂಜಿನು ಕಾದಿರುವಾಗಲೇ ನೇರವಾಗಿ ತಪಾಸಣಾ ಕೇಂದ್ರಕ್ಕೆ ಹೋಗುವುದು ಲೇಸು.